ಎನ್‌ಕೋಡಿಂಗ್ ಬದಲಿಸಲು ಯಾವ ಕಮಾಂಡ್? ಎಡವಿದಾಗಿನ ನಡತೆ ನೋಡಿ ಆರಿಸಿ

ಇಸವಿಗಳಿಂದ ತುಂಬಿದ್ದ ಒಂದು ದೊಡ್ಡ ಪಟ್ಟಿಯನ್ನು ಯುಟಿಎಫ್-8ರಿಂದ ಐಎಸ್‌ಒ-8859-1ಕ್ಕೆ ಬದಲಿಸಿದ್ದೆ. ಅದನ್ನು ಓದಬೇಕಾಗಿದ್ದ ಹಳೆಯ ತಂತ್ರಾಂಶಕ್ಕೆ ಬೇರೆ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ತಿಳಿಯುತ್ತಿರಲಿಲ್ಲ. ಬದಲಿಸಲು ಬಳಸಿದ ‘ಐಕಾನ್ವ್’ ಕಮಾಂಡ್ ಸದ್ದಿಲ್ಲದೆ ಮುಗಿಯಿತು. ಕೆಲವು ವಾರಗಳ ಮೇಲೆ ಪಟ್ಟಿಯನ್ನು ತೆರೆದು ನೋಡಿದರೆ ‘1956–1973’ ಎಂದಿರಬೇಕಾದ ಕಡೆ ‘19561973’ ಎಂದಿತ್ತು. ಎರಡು ಇಸವಿಗಳ ನಡುವಿನ ಆ ಉದ್ದಗೆರೆ ಐಎಸ್‌ಒ-8859-1ರಲ್ಲಿ ಇಲ್ಲವೇ ಇಲ್ಲ. ಸ್ಕ್ರಿಪ್ಟ್ ನಡುವೆ ನಿಲ್ಲದಿರಲಿ ಎಂದು ನಾನೇ ಸೇರಿಸಿದ್ದ ‘-ಸಿ’ ಎಂಬ ಒಂದಕ್ಷರದ ಆಯ್ಕೆ ಅಂಥ ಗೆರೆಗಳನ್ನೆಲ್ಲ ಅಳಿಸಿಹಾಕಿತ್ತು. ಮೂಲ ಕಡತವನ್ನು ಅಷ್ಟರಲ್ಲಿ ತೆಗೆದುಹಾಕಿದ್ದೆ. ಪಟ್ಟಿಯನ್ನು ಸಾಲುಸಾಲಾಗಿ ಕೈಯಿಂದ ತಿದ್ದಬೇಕಾಯಿತು.

ಅಂದಿನಿಂದ ಈ ಕೆಲಸಕ್ಕೆ ಸಾಧನ ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆಯೇ ಬದಲಾಗಿದೆ. ಎಷ್ಟು ಎನ್‌ಕೋಡಿಂಗ್‌ಗಳು ಗೊತ್ತು, ಎಷ್ಟು ವೇಗ ಎಂಬುದೆಲ್ಲ ಆಮೇಲಿನ ಮಾತು. ಸಾಮಾನ್ಯ ಬಳಕೆಯ ಎನ್‌ಕೋಡಿಂಗ್‌ಗಳ ನಕ್ಷೆ ಎಲ್ಲ ಸಾಧನಗಳಲ್ಲೂ ಇರುತ್ತದೆ. ಅವು ಬೇರೆಬೇರೆಯಾಗುವುದು ಒಪ್ಪಲಾಗದ ಬೈಟ್ ಅಥವಾ ಹೊಂದದ ಅಕ್ಷರ ಎದುರಾದಾಗ. ಒಂದು ನಿಲ್ಲುತ್ತದೆ, ಇನ್ನೊಂದು ಅಳಿಸುತ್ತದೆ, ಮತ್ತೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗುತ್ತದೆ. ಕೆಳಗಿನ ಹೋಲಿಕೆಯನ್ನು ಈ ಒಂದು ಅಳತೆಯಿಂದಲೇ ಮಾಡಿದ್ದೇನೆ.

ಆಜ್ಞೆಗಳ ಹೆಸರನ್ನೂ ಆಯ್ಕೆಗಳನ್ನೂ ಇಲ್ಲಿ ಕನ್ನಡದಲ್ಲಿಯೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಬೈಟ್‌ಗಳನ್ನು ದಶಮಾನ ಸಂಖ್ಯೆಗಳಲ್ಲಿ ಕೊಟ್ಟಿದ್ದೇನೆ.

ಮೊದಲು, ಕಡತ ಯಾವ ಎನ್‌ಕೋಡಿಂಗ್‌ನಲ್ಲಿದೆ?

ಹೆಚ್ಚಿನ ಸಾಧನಗಳಿಗೆ ‘ಎಲ್ಲಿಂದ’ ಎಂಬುದನ್ನು ನಾವೇ ಹೇಳಬೇಕು. ಪಠ್ಯ ಕಡತ ತನ್ನ ಎನ್‌ಕೋಡಿಂಗ್ ಯಾವುದೆಂದು ತಾನಾಗಿ ಹೇಳುವುದಿಲ್ಲ. ಆರಂಭದಲ್ಲಿ 239, 187, 191 ಎಂಬ ಮೂರು ಬೈಟ್‌ಗಳ ಬಿಒಎಂ (ಎನ್‌ಕೋಡಿಂಗ್ ಸೂಚಿಸಲು ಕಡತದ ಮೊದಲಿಗೆ ಇಡುವ ಗುರುತು) ಇದ್ದರೆ ಅದು ಯುಟಿಎಫ್-8 ಎಂದು ನಂಬಬಹುದು. ಇಂಗ್ಲಿಷ್ ಪಠ್ಯದ ನಡುನಡುವೆ ಒಂದು ಬಿಟ್ಟು ಒಂದು ಸೊನ್ನೆ ಬೈಟ್ ಕಂಡರೆ ಯುಟಿಎಫ್-16 ಇರಬಹುದು. ಉಳಿದದ್ದೆಲ್ಲ ಊಹೆ.

‘ಫೈಲ್’ ಎಂಬ ಹಳೆಯ ಕಮಾಂಡ್ ಎಲ್ಲ ಕಡೆ ಸಿಗುತ್ತದೆ. ಲಿನಕ್ಸ್‌ನಲ್ಲಿ ಸಣ್ಣಕ್ಷರದ ‘-ಐ’, ಮ್ಯಾಕ್‌ನಲ್ಲಿ ದೊಡ್ಡಕ್ಷರದ ‘-ಐ’ ಕೊಟ್ಟರೆ ಎನ್‌ಕೋಡಿಂಗ್ ಹೆಸರನ್ನು ತೋರಿಸುತ್ತದೆ. ಅದರ ಒಂದು ಮಿತಿಯನ್ನು ಮಾತ್ರ ನೆನಪಿಡಬೇಕು. ಈಚಿನ ಆವೃತ್ತಿಗಳು ಎನ್‌ಕೋಡಿಂಗ್ ಊಹಿಸಲು ಕಡತದ ಮೊದಲ ಸುಮಾರು 64 ಕಿಲೋಬೈಟ್‌ಗಳನ್ನಷ್ಟೇ ನೋಡುತ್ತವೆ. ದೊಡ್ಡ ಕಡತದ ಮೊದಲ ಭಾಗ ಬರಿಯ ಇಂಗ್ಲಿಷ್ ಆಗಿದ್ದು ಕೊನೆಯಲ್ಲಿ ಕನ್ನಡವಿದ್ದರೂ ಅದು ಆಸ್ಕಿ, ಅಂದರೆ ಬರಿಯ ಇಂಗ್ಲಿಷ್ ಅಕ್ಷರಗಳ ಎನ್‌ಕೋಡಿಂಗ್, ಎಂದೇ ಉತ್ತರಿಸುತ್ತದೆ. ಮೊಜಿಲ್ಲಾದ ಪತ್ತೆ ವಿಧಾನದಿಂದ ಹುಟ್ಟಿದ ‘ಯುಚಾರ್ಡೆಟ್’ ಮತ್ತು ಅದರ ಪೈಥಾನ್ ಬಂಧು ‘ಚಾರ್ಡೆಟ್’ ಅಕ್ಷರಗಳ ಆವರ್ತನವನ್ನು ಲೆಕ್ಕ ಹಾಕಿ ಊಹಿಸುತ್ತವೆ. ಪುಟಗಟ್ಟಲೆ ಪಠ್ಯವಿದ್ದರೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ, ನಾಲ್ಕೈದು ಸಾಲುಗಳಿದ್ದರೆ ದಾರಿ ತಪ್ಪುತ್ತವೆ. ‘ಎನ್ಕಾ’ ಎಂಬುದಕ್ಕೆ ಭಾಷೆಯನ್ನೂ ನಾವೇ ಹೇಳಬೇಕು. ಅದು ಬಲ್ಲ ಭಾಷೆಗಳು ರಷ್ಯನ್, ಪೋಲಿಷ್, ಜೆಕ್‌ನಂಥ ಪೂರ್ವ ಯುರೋಪಿನವು, ಜೊತೆಗೆ ಚೀನೀ. ಆ ಭಾಷೆಗಳ ಹಳೆಯ ಕಡತಗಳು ನಿಮ್ಮ ಮುಂದಿದ್ದರೆ ಅದಕ್ಕೆ ಸಾಟಿಯಿಲ್ಲ, ಇಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ.

ನಾನು ಇವೆಲ್ಲಕ್ಕಿಂತ ಮೊದಲು ಮಾಡುವುದು ಒಂದೇ ಪರೀಕ್ಷೆ: ಕಡತ ಸರಿಯಾದ ಯುಟಿಎಫ್-8 ಹೌದೋ ಅಲ್ಲವೋ. ಐಕಾನ್ವ್‌ಗೆ ‘ಯುಟಿಎಫ್-8ರಿಂದ ಯುಟಿಎಫ್-8ಕ್ಕೆ’ ಎಂದು ಹೇಳಿ ಫಲಿತಾಂಶವನ್ನು ಎಸೆದುಬಿಟ್ಟರೆ ಸಾಕು, ತಪ್ಪಿದ್ದ ಕಡೆ ಅದು ನಿಲ್ಲುತ್ತದೆ. ‘ಮೋರ್‌ಯುಟಿಲ್ಸ್’ ಕಂತೆಯ ‘ಇಸ್‌ಯುಟಿಎಫ್8’ ಇದಕ್ಕೆಂದೇ ಇರುವ ಕಮಾಂಡ್. ಬಹುಬೈಟ್ ಅಕ್ಷರಗಳ ವಿಷಯದಲ್ಲಿ ಯುಟಿಎಫ್-8ರ ನಿಯಮಗಳು ಎಷ್ಟು ಬಿಗಿಯಾಗಿವೆಯೆಂದರೆ, ಬೇರೆ ಎನ್‌ಕೋಡಿಂಗ್‌ನ ನಿಜವಾದ ಪಠ್ಯ ಆಕಸ್ಮಿಕವಾಗಿ ಈ ಪರೀಕ್ಷೆಯಲ್ಲಿ ಗೆಲ್ಲುವುದು ತೀರ ಅಪರೂಪ. ಐಎಸ್‌ಒ-8859-1 ಇದಕ್ಕೆ ಪೂರ್ತಿ ವಿರುದ್ಧ. ಅದರಲ್ಲಿ 256 ಬೈಟ್‌ಗಳಿಗೂ ಒಂದೊಂದು ಅರ್ಥ ಇರುವುದರಿಂದ ಅದು ಯಾವ ಕಡತವನ್ನೂ ತಿರಸ್ಕರಿಸುವುದಿಲ್ಲ. ಚಿತ್ರದ ಕಡತ ಕೊಟ್ಟರೂ ಸರಾಗವಾಗಿ ಬದಲಿಸಿಕೊಡುತ್ತದೆ. ಆದ್ದರಿಂದ ‘ಐಎಸ್‌ಒ-8859-1 ಎಂದು ಕೊಟ್ಟಾಗ ತಪ್ಪು ಬರಲಿಲ್ಲ’ ಎಂಬುದು ಯಾವುದಕ್ಕೂ ಪುರಾವೆಯಲ್ಲ.

ಯುಟಿಎಫ್-8 ಅಲ್ಲವೆಂದು ಖಚಿತವಾದ ಮೇಲೆ ಆಸ್ಕಿಯಲ್ಲದ ಬೈಟ್ ಇರುವ ಮೂರ್ನಾಲ್ಕು ಸಾಲುಗಳನ್ನು ಹೆಕ್ಕಿ, ಅನುಮಾನವಿರುವ ಎನ್‌ಕೋಡಿಂಗ್‌ಗಳಿಂದ ಒಂದೊಂದಾಗಿ ಬದಲಿಸಿ, ಕಣ್ಣಿನಿಂದಲೇ ಓದಿ ನೋಡಿ. ಭಾಷೆ ಬಲ್ಲವರ ಕಣ್ಣಿಗಿಂತ ಒಳ್ಳೆಯ ಪತ್ತೆ ಸಾಧನವನ್ನು ನಾನು ಕಂಡಿಲ್ಲ.

ಐಕಾನ್ವ್: ಮೊದಲ ಆಯ್ಕೆ, ಆದರೆ ಎಲ್ಲ ಕಡೆ ಒಂದೇ ಅಲ್ಲ

‘ಐಕಾನ್ವ್’ ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆಂದಿರುವ ಪಾಸಿಕ್ಸ್ ಮಾನದಂಡದ ಭಾಗ. ಹೆಚ್ಚುಕಡಿಮೆ ಎಲ್ಲ ಲಿನಕ್ಸ್, ಬಿಎಸ್‌ಡಿ, ಮ್ಯಾಕ್ ಯಂತ್ರಗಳಲ್ಲಿ ಮೊದಲೇ ಇರುತ್ತದೆ. ‘-ಎಫ್’ ಮುಂದೆ ಮೂಲ ಎನ್‌ಕೋಡಿಂಗ್, ‘-ಟಿ’ ಮುಂದೆ ಗುರಿ ಎನ್‌ಕೋಡಿಂಗ್, ಆಮೇಲೆ ಕಡತದ ಹೆಸರು ಕೊಟ್ಟರೆ ಫಲಿತಾಂಶ ಪರದೆಗೆ ಬರುತ್ತದೆ. ‘-ಎಲ್’ ಕೊಟ್ಟರೆ ತನಗೆ ಗೊತ್ತಿರುವ ಹೆಸರುಗಳ ಪಟ್ಟಿಯನ್ನು ಒಪ್ಪಿಸುತ್ತದೆ.

ನಾನು ಇದನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಂಡಿರುವುದು ಅದರ ಸಹಜ ನಡತೆಗಾಗಿ. ಏನೂ ಹೇಳದೆ ಬಿಟ್ಟರೆ ಅದು ಮೊದಲ ತಪ್ಪಿನಲ್ಲಿಯೇ ನಿಲ್ಲುತ್ತದೆ, ಎಲ್ಲಿ ನಿಂತಿತು ಎಂದೂ ಹೇಳುತ್ತದೆ. ಲಿನಕ್ಸ್‌ನ ಮೂಲ ಗ್ರಂಥಾಲಯವಾದ ಜಿಲಿಬ್‌ಸಿ ಜೊತೆ ಬರುವ ಐಕಾನ್ವ್ ಎಷ್ಟನೆಯ ಬೈಟ್ ಎಂದು ತಿಳಿಸಿದರೆ, ಗ್ನು ಲಿಬ್‌ಐಕಾನ್ವ್‌ನ ಕಮಾಂಡ್ ಸಾಲು ಮತ್ತು ಅಂಕಣದ ಸಂಖ್ಯೆಗಳನ್ನು ಕೊಡುತ್ತದೆ. ಹುಡುಕುವವರಿಗೆ ಎರಡನೆಯದು ಹೆಚ್ಚು ಅನುಕೂಲ.

ನಿಲ್ಲುವುದು ಬೇಡವೆಂದರೆ ಎರಡು ದಾರಿಗಳಿವೆ. ‘-ಸಿ’ ಹೊಂದದ್ದನ್ನು ಅಳಿಸುತ್ತದೆ. ಗುರಿ ಎನ್‌ಕೋಡಿಂಗ್‌ನ ಹೆಸರಿಗೆ ಎರಡು ಓರೆಗೆರೆ ಹಾಕಿ ‘ಟ್ರಾನ್ಸ್‌ಲಿಟ್’ ಎಂದು ಅಂಟಿಸಿದರೆ ಹತ್ತಿರದ ಅಕ್ಷರ ಹುಡುಕಿ ಹಾಕುತ್ತದೆ. ನನ್ನ ಪಟ್ಟಿಯ ಉದ್ದಗೆರೆ ಆಗ ಸಾಮಾನ್ಯ ಅಡ್ಡಗೆರೆಯಾಗಿ ಉಳಿಯುತ್ತಿತ್ತು, ಇಸವಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿರಲಿಲ್ಲ. ಹಾಗೆಂದು ಟ್ರಾನ್ಸ್‌ಲಿಟ್ ಅನ್ನು ಕಣ್ಣುಮುಚ್ಚಿ ನಂಬಲಾಗದು. ಜಿಲಿಬ್‌ಸಿಯಲ್ಲಿ ಅದರ ಫಲಿತಾಂಶ ಆ ಹೊತ್ತಿನ ಲೊಕೇಲ್‌ಗೆ (ಯಂತ್ರದ ಭಾಷೆ, ಪ್ರದೇಶದ ಹೊಂದಿಕೆಗೆ) ತಕ್ಕಂತೆ ಬದಲಾಗುತ್ತದೆ. ಎರಡು ಚುಕ್ಕಿಯ ‘ಎ’ ಅಕ್ಷರ ಜರ್ಮನ್ ಲೊಕೇಲ್‌ನಲ್ಲಿ ‘ಎಇ’ ಎಂಬ ಎರಡಕ್ಷರವಾದರೆ, ಏನನ್ನೂ ಹೊಂದಿಸದ ‘ಸಿ’ ಲೊಕೇಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರಬಹುದು. ನಿಮ್ಮ ಟರ್ಮಿನಲ್‌ನಲ್ಲಿ ಸರಿಯಾಗಿ ನಡೆದ ಸ್ಕ್ರಿಪ್ಟ್ ರಾತ್ರಿ ತಾನಾಗಿ ಓಡುವಾಗ ಬೇರೆ ಫಲ ಕೊಡುವುದು ಇದೇ ಕಾರಣಕ್ಕೆ. ಲಿಬ್‌ಐಕಾನ್ವ್ ಲೊಕೇಲ್ ಕೇಳುವುದಿಲ್ಲ, ಆದರೆ ಅಕ್ಷರದ ಮೇಲಿನ ಗೀಟನ್ನು ಬಿಡದೆ ಉದ್ಧರಣ ಚಿಹ್ನೆಯಾಗಿ ಅಕ್ಷರದ ಮುಂದೆ ತಂದು ಕೂರಿಸುತ್ತದೆ. ಜಿಲಿಬ್‌ಸಿ ಬದಲು ಮಸಲ್ ಗ್ರಂಥಾಲಯ ಬಳಸುವ ಆಲ್ಪೈನ್‌ನಂಥ ಲಿನಕ್ಸ್ ವ್ಯವಸ್ಥೆಗಳಲ್ಲಿ ಟ್ರಾನ್ಸ್‌ಲಿಟ್ ಸೌಲಭ್ಯವೇ ಇಲ್ಲ. ಅಲ್ಲಿ ಹೊಂದದ ಅಕ್ಷರದ ಜಾಗದಲ್ಲಿ ನಕ್ಷತ್ರ ಚಿಹ್ನೆ ಬರುತ್ತದೆ, ಕಮಾಂಡ್ ನಿಲ್ಲುವುದಿಲ್ಲ. ಕಂಟೇನರ್ ಒಳಗೆ ಪರಿವರ್ತನೆ ಮಾಡುವವರು ಇದನ್ನು ಖಂಡಿತ ಗಮನಿಸಬೇಕು. ಹೆಸರು ಒಂದೇ, ಬರೆದ ಸಾಲೂ ಒಂದೇ, ಎಡವಿದಾಗಿನ ನಡತೆ ಮಾತ್ರ ಬೇರೆ.

ಯುಟಿಎಫ್-16 ವಿಷಯದಲ್ಲಿಯೂ ಇಂಥದ್ದೇ ಭಿನ್ನತೆ ಇದೆ. ಗುರಿಯಾಗಿ ಬರಿಯ ‘ಯುಟಿಎಫ್-16’ ಎಂದು ಬರೆದರೆ ಜಿಲಿಬ್‌ಸಿ, ಲಿಬ್‌ಐಕಾನ್ವ್ ಎರಡೂ ಬಿಒಎಂ ಸೇರಿಸುತ್ತವೆ. ಜಿಲಿಬ್‌ಸಿ ಯಂತ್ರದ ಬೈಟ್ ಕ್ರಮವನ್ನು ಅನುಸರಿಸಿದರೆ ಲಿಬ್‌ಐಕಾನ್ವ್ ದೊಡ್ಡ ಬೈಟ್ ಮೊದಲು ಬರುವ ಕ್ರಮವನ್ನು ಹಿಡಿಯುತ್ತದೆ. ಕ್ರಮವನ್ನು ನೀವೇ ‘ಎಲ್‌ಇ’ ಅಥವಾ ‘ಬಿಇ’ ಎಂದು ಹೆಸರಿನಲ್ಲಿ ಬರೆದುಬಿಟ್ಟರೆ ಗೊಂದಲವಿಲ್ಲ, ಆದರೆ ಆಗ ಬಿಒಎಂ ಬರುವುದಿಲ್ಲ. ಯುಟಿಎಫ್-8 ಕಡತದ ಆರಂಭದ ಬಿಒಎಂ ಅನ್ನು ಐಕಾನ್ವ್ ತೆಗೆಯುವುದಿಲ್ಲ ಎಂಬುದೂ ನೆನಪಿರಲಿ. ಅಂಥ ಕಡತವನ್ನು ಐಎಸ್‌ಒ-8859-1ಕ್ಕೆ ಬದಲಿಸಲು ಹೋದರೆ ಮೊಟ್ಟಮೊದಲ ಸ್ಥಾನದಲ್ಲಿಯೇ ತಪ್ಪು ಬರುತ್ತದೆ, ಕಡತದಲ್ಲಿ ಕಣ್ಣಿಗೆ ಕಾಣುವ ದೋಷವೇನೂ ಇರುವುದಿಲ್ಲ.

ಇನ್ನು ಮೂಲ ಕಡತದ ಮೇಲೆಯೇ ಬರೆಯುವ ಆಸೆ. ಫಲಿತಾಂಶವನ್ನು ಅದೇ ಹೆಸರಿಗೆ ತಿರುಗಿಸಿದರೆ ಐಕಾನ್ವ್ ಓದಲು ಶುರುಮಾಡುವ ಮೊದಲೇ ಶೆಲ್ (ನಾವು ಬರೆದ ಕಮಾಂಡನ್ನು ಓಡಿಸುವ ತಂತ್ರಾಂಶ) ಆ ಕಡತವನ್ನು ಬರಿದು ಮಾಡಿರುತ್ತದೆ. ‘-ಓ’ ಆಯ್ಕೆಯಿಂದ ಅದೇ ಹೆಸರು ಕೊಡುವುದೂ ಜಿಲಿಬ್‌ಸಿಯ ಹಳೆಯ ಆವೃತ್ತಿಗಳಲ್ಲಿ ದೊಡ್ಡ ಕಡತಗಳಿಗೆ ಅಪಾಯ. ಬೇರೆ ಹೆಸರಿಗೆ ಬರೆದು, ಕಮಾಂಡ್ ಯಶಸ್ವಿಯಾಗಿ ಮುಗಿದಿದ್ದರೆ ಮಾತ್ರ ಹೆಸರು ಬದಲಿಸುವುದು ನೆಮ್ಮದಿಯ ದಾರಿ. ಬಂದದ್ದನ್ನೆಲ್ಲ ಹೀರಿಕೊಂಡ ಮೇಲೆಯೇ ಕಡತಕ್ಕೆ ಬರೆಯುವ ಮೋರ್‌ಯುಟಿಲ್ಸ್‌ನ ‘ಸ್ಪಂಜ್’ ಸುಲಭವೆನಿಸುತ್ತದೆ. ಆದರೆ ಐಕಾನ್ವ್ ನಡುವೆ ನಿಂತರೂ ಅಲ್ಲಿಯವರೆಗಿನ ಅರ್ಧ ಪಠ್ಯವನ್ನೇ ಸ್ಪಂಜ್ ಮೂಲದ ಮೇಲೆ ಬರೆದುಬಿಡಬಹುದು. ಅದಕ್ಕಾಗಿ ನಾನು ಅದನ್ನು ಇಲ್ಲಿ ಬಳಸುವುದಿಲ್ಲ.

ರೀಕೋಡ್: ಎಚ್ಚರಿಕೆಯುಳ್ಳದ್ದು, ಆದರೆ ಎರಡನೆಯ ಸಲ ಓಡಿಸಬಾರದು

ಫ್ರಾಂಸ್ವಾ ಪಿನಾರ್ ಅವರು ಬರೆದ ‘ರೀಕೋಡ್’ ಐಕಾನ್ವ್‌ಗೆ ತದ್ವಿರುದ್ಧವಾದ ಒಂದು ನಿರ್ಧಾರವನ್ನು ತೆಗೆದುಕೊಂಡಿದೆ. ಕಡತದ ಹೆಸರು ಕೊಟ್ಟರೆ ಅದನ್ನೇ ಬದಲಿಸುತ್ತದೆ. ಎರಡು ಎನ್‌ಕೋಡಿಂಗ್‌ಗಳ ನಡುವೆ ಎರಡು ಚುಕ್ಕಿ ಹಾಕಿ ‘ಲ್ಯಾಟಿನ್1..ಯುಟಿಎಫ್8’ ಎಂಬ ಮಾದರಿಯಲ್ಲಿ ಬರೆದರೆ ಸಾಕು (ಲ್ಯಾಟಿನ್1 ಎಂದರೆ ಐಎಸ್‌ಒ-8859-1). ನೂರಾರು ಕಡತಗಳಿದ್ದಾಗ ಇದು ಎಷ್ಟು ಹಗುರವೆಂದು ಬಳಸಿದವರಿಗೇ ಗೊತ್ತು.

ಮೂಲದ ಮೇಲೆ ಬರೆಯುವ ಸಾಧನಕ್ಕೆ ಇರಬೇಕಾದ ಎಚ್ಚರಿಕೆ ರೀಕೋಡ್‌ನಲ್ಲಿ ಇದೆ. ಹಿಂದಿರುಗಿಸಲಾಗದ ಪರಿವರ್ತನೆ ಎದುರಾದರೆ ಎಚ್ಚರಿಸಿ, ಮೂಲ ಕಡತವನ್ನು ಮುಟ್ಟದೆ ಬಿಡುತ್ತದೆ. ‘-ಎಫ್’ ಎಂದು ಒತ್ತಾಯಿಸಿದರೆ ಮಾತ್ರ ಮುಂದುವರಿಯುತ್ತದೆ. ಐಕಾನ್ವ್‌ನಲ್ಲಿ ಮೂಲ ಎನ್‌ಕೋಡಿಂಗ್ ಹೇಳುವ ‘-ಎಫ್’ ಇಲ್ಲಿ ಒತ್ತಾಯದ ಗುರುತು ಎಂಬುದನ್ನು ಕೈ ಅಭ್ಯಾಸದಲ್ಲಿ ಮರೆಯಬಾರದು.

ಅಪಾಯ ಇರುವುದು ಇನ್ನೊಂದು ಕಡೆ. ಐಎಸ್‌ಒ-8859-1ರಿಂದ ಯುಟಿಎಫ್-8ಕ್ಕೆ ಹೋಗುವ ಪರಿವರ್ತನೆಯನ್ನು ಯಾವ ಬೈಟ್ ಮೇಲೆ ಬೇಕಾದರೂ ಮಾಡಬಹುದೆಂದು ಆಗಲೇ ಹೇಳಿದೆ. ಹಾಗಾಗಿ ನೂರು ಕಡತಗಳ ಸಾಲಿನಲ್ಲಿ ಐವತ್ತರ ಹತ್ತಿರ ವಿದ್ಯುತ್ ಹೋಗಿ, ಅದೇ ಕಮಾಂಡನ್ನು ಮತ್ತೆ ಓಡಿಸಿದರೆ ಮೊದಲ ಐವತ್ತು ಎರಡು ಸಲ ಬದಲಾಗಿ ಕೆಡುತ್ತವೆ. ರೀಕೋಡ್‌ಗೆ ಅದರಲ್ಲಿ ತಪ್ಪೇ ಕಾಣುವುದಿಲ್ಲ. ಮೇಲಾಗಿ ಅದು ಕಡತದ ಕೊನೆಯ ಮಾರ್ಪಾಡಿನ ಸಮಯವನ್ನು ಹಳೆಯದಾಗಿಯೇ ಉಳಿಸುತ್ತದೆ. ಸಮಯ ನೋಡಿ ಬದಲಾದ ಕಡತಗಳನ್ನಷ್ಟೇ ನಕಲು ತೆಗೆಯುವ ಬ್ಯಾಕಪ್‌ಗೆ ಬದಲಾವಣೆ ಆದದ್ದೇ ತಿಳಿಯದೆ ಹೋಗಬಹುದು. ‘-ಟಿ’ ಕೊಟ್ಟರೆ ಸಮಯ ಹೊಸದಾಗುತ್ತದೆ.

ರೀಕೋಡ್‌ನ ನಿಜವಾದ ಹೆಚ್ಚುಗಾರಿಕೆ ಎನ್‌ಕೋಡಿಂಗ್‌ನ ಆಚೆಗಿದೆ. ಎಚ್‌ಟಿಎಂಎಲ್‌ನ ಅಕ್ಷರ ಸಂಕೇತಗಳು, ಇಮೇಲ್‌ನ ಬೇಸ್64, ಸಾಲಿನ ಅಂತ್ಯದ ಭಿನ್ನತೆ ಇವನ್ನೆಲ್ಲ ಅದು ಒಂದೇ ಸಾಲಿನಲ್ಲಿ ಬಿಡಿಸುತ್ತದೆ. ಹಳೆಯ ಜಾಲಪುಟಗಳ ಕಂತೆಯನ್ನು ಶುದ್ಧ ಪಠ್ಯವಾಗಿಸುವಾಗ ನಾನು ಹಿಂದುಮುಂದು ನೋಡದೆ ಇದನ್ನೇ ತೆಗೆದುಕೊಳ್ಳುತ್ತೇನೆ, ನಕಲು ಇಟ್ಟುಕೊಂಡು.

ಯುಕಾನ್ವ್ ಮತ್ತು ಕನ್ನಡ ಕಡತಗಳು

ಯೂನಿಕೋಡ್ ಕೆಲಸಗಳಿಗೆಂದಿರುವ ಐಸಿಯು ಗ್ರಂಥಾಲಯದ ಜೊತೆ ಬರುವ ‘ಯುಕಾನ್ವ್’ ಬಗ್ಗೆ ಕನ್ನಡಿಗರು ಹೆಚ್ಚು ಮಾತನಾಡಬೇಕು ಎಂಬುದು ನನ್ನ ಆಸೆ. ಡೆಬಿಯನ್, ಉಬುಂಟುಗಳಲ್ಲಿ ಅದು ‘ಐಸಿಯು-ಡೆವ್‌ಟೂಲ್ಸ್’ ಎಂಬ ಕಂತೆಯಲ್ಲಿ ಅಡಗಿ ಕುಳಿತಿರುವುದರಿಂದ ಬಹಳ ಜನರ ಕಣ್ಣಿಗೆ ಬಿದ್ದಿಲ್ಲ.

ಐಕಾನ್ವ್‌ನಂತೆ ಇದಕ್ಕೂ ‘-ಎಫ್’, ‘-ಟಿ’ ಇವೆ, ತಪ್ಪು ಕಂಡಲ್ಲಿ ಇದೂ ನಿಲ್ಲುತ್ತದೆ. ಆದರೆ ಎಡವಿದಾಗ ಏನು ಮಾಡಬೇಕು ಎಂದು ಹೇಳುವ ಮಾತುಗಳು ಇದಕ್ಕೆ ಹೆಚ್ಚು ಗೊತ್ತು. ‘ಕಾಲ್‌ಬ್ಯಾಕ್’ ಆಯ್ಕೆಯಿಂದ ನಿಲ್ಲು, ಬಿಟ್ಟುಬಿಡು, ಬದಲಿ ಹಾಕು ಎನ್ನಬಹುದು. ಹೊಂದದ ಅಕ್ಷರವನ್ನು ಎಕ್ಸ್‌ಎಂಎಲ್ ಸಂಖ್ಯಾ ಸಂಕೇತವಾಗಿ ಬರೆದಿಡು ಎಂದೂ ಹೇಳಬಹುದು. ಈ ಕೊನೆಯದರಲ್ಲಿ ಅಕ್ಷರದ ವೇಷ ಬದಲಾಗುತ್ತದೆ, ಗುರುತು ಉಳಿಯುತ್ತದೆ. ಬಿಒಎಂ ಸೇರಿಸಲು ಮತ್ತು ತೆಗೆಯಲು ಬೇರೆಬೇರೆ ಆಯ್ಕೆಗಳಿವೆ.

ಕನ್ನಡಕ್ಕೆ ಇದು ಬೇಕಾಗುವ ದೊಡ್ಡ ಕಾರಣ ನಾರ್ಮಲೈಸೇಷನ್, ಅಂದರೆ ಒಂದೇ ಅಕ್ಷರದ ಬೇರೆಬೇರೆ ಸಂಕೇತ ರೂಪಗಳನ್ನು ಒಂದೇ ರೂಪಕ್ಕೆ ತರುವುದು. ‘ಕೋ’ ಎಂಬುದರಲ್ಲಿನ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಅದರ ಬಲಗಡೆಯ ಭಾಗ, ದೀರ್ಘ ಎಂಬ ಮೂರು ಸಂಕೇತಗಳಾಗಿಯೂ ಬರೆಯಬಹುದು. ದೀರ್ಘ ಈ, ಏತ್ವ, ಐತ್ವ, ಒತ್ವಗಳಿಗೂ ಹೀಗೆ ಎರಡು ರೂಪಗಳಿವೆ. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಇರುವುದಿಲ್ಲ, ಬೈಟ್‌ಗಳು ಮಾತ್ರ ಬೇರೆ. ಹುಡುಕಿದಾಗ ಕಣ್ಣೆದುರೇ ಇರುವ ಪದ ಸಿಗದೆ ಹೋಗುವುದಕ್ಕೆ, ಪದಪಟ್ಟಿಯಲ್ಲಿ ಒಂದೇ ಪದ ಎರಡು ಸಲ ಬರುವುದಕ್ಕೆ ಇದು ಒಂದು ಕಾರಣ. ಎರಡೂ ರೂಪಗಳು ಸರಿಯಾದ ಯುಟಿಎಫ್-8 ಆದ್ದರಿಂದ ಐಕಾನ್ವ್‌ಗೆ ಇಲ್ಲಿ ಕೆಲಸವೇ ಕಾಣುವುದಿಲ್ಲ. ಯುಕಾನ್ವ್‌ಗೆ ‘-ಎಕ್ಸ್ ಎನಿ-ಎನ್‌ಎಫ್‌ಸಿ’ ಎಂದು ಹೇಳಿದರೆ ಎಲ್ಲವನ್ನೂ ಕೂಡಿಸಿದ ರೂಪಕ್ಕೆ ತರುತ್ತದೆ. ಇದೇ ‘-ಎಕ್ಸ್’ ಕನ್ನಡ ಲಿಪಿಯಿಂದ ತೆಲುಗು ಅಥವಾ ರೋಮನ್ ಲಿಪಿಗೂ ಕರೆದೊಯ್ಯುತ್ತದೆ.

ಎರಡನೆಯ ಕಾರಣ ಇಸ್ಕಿ. ಭಾರತೀಯ ಲಿಪಿಗಳಿಗೆಂದು 1991ರಲ್ಲಿ ಐಎಸ್ 13194 ಎಂಬ ಮಾನದಂಡವಾದ ಈ ಎನ್‌ಕೋಡಿಂಗ್‌ನ ಕಡತ ನಿಮ್ಮ ಕೈಗೆ ಸಿಕ್ಕರೆ ಜಿಲಿಬ್‌ಸಿಯ ಐಕಾನ್ವ್ ಆ ಹೆಸರನ್ನೇ ಅರಿಯದು. ಐಸಿಯುಗೆ ಅದು ಗೊತ್ತು, ಕನ್ನಡಕ್ಕೆ ಬೇರೆ ಹೆಸರೂ ಇದೆ. ವಿಂಡೋಸ್ ಕನ್ನಡದ ಇಸ್ಕಿಗೆ 57008 ಎಂಬ ಕೋಡ್‌ಪೇಜ್ (ಎನ್‌ಕೋಡಿಂಗ್) ಸಂಖ್ಯೆ ಕೊಟ್ಟಿದೆ.

ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಬರೆದ ಕಡತಗಳ ಕಥೆಯೇ ಬೇರೆ. ಅವುಗಳಲ್ಲಿ ಇರುವುದು ಲ್ಯಾಟಿನ್ ಅಕ್ಷರಗಳ ಬೈಟ್‌ಗಳು, ಕನ್ನಡದ ಆಕಾರ ಫಾಂಟ್‌ನಿಂದ ಬಂದದ್ದು. ಇಲ್ಲಿ ಹೇಳಿರುವ ಯಾವ ಸಾಧನವೂ ಅವನ್ನು ಕನ್ನಡವೆಂದು ಗುರುತಿಸುವುದಿಲ್ಲ. ಆಯಾ ಫಾಂಟ್‌ಗಾಗಿಯೇ ಬರೆದ ಪರಿವರ್ತಕ ಬೇಕು, ಏಕೆಂದರೆ ಒತ್ತಕ್ಷರಗಳ ಮತ್ತು ಅರ್ಕಾವತ್ತಿನ ಕ್ರಮವನ್ನೂ ಅಲ್ಲಿ ಹಿಂದುಮುಂದು ಮಾಡಬೇಕಾಗುತ್ತದೆ.

ಪರ್ಲ್, ಪೈಥಾನ್: ಬೆರಕೆ ಕಡತಗಳಿಗೆ

ಪರ್ಲ್ ಜೊತೆ ಬರುವ ‘ಪಿಕಾನ್ವ್’ ನೋಡಲು ಐಕಾನ್ವ್‌ನ ಪಡಿಯಚ್ಚು. ಹಾಗೆ ನಂಬಿ ಬಳಸಿದರೆ ಮೋಸಹೋಗುತ್ತೇವೆ. ಐಕಾನ್ವ್ ತಾನಾಗಿ ನಿಲ್ಲುವ ಕಡೆ ಪಿಕಾನ್ವ್ ಬದಲಿ ಚಿಹ್ನೆ ಹಾಕಿ ಸುಮ್ಮನೆ ಮುಂದೆ ಹೋಗುತ್ತದೆ. ಐಕಾನ್ವ್‌ನಲ್ಲಿ ‘ಅಳಿಸು’ ಎಂದು ಅರ್ಥವಿರುವ ‘-ಸಿ’ಗೆ ಇಲ್ಲಿ ‘ಪರಿಶೀಲಿಸು’ ಎಂದರ್ಥ. ಒಂದೇ ಅಕ್ಷರಕ್ಕೆ ಇಷ್ಟು ವಿರುದ್ಧವಾದ ಅರ್ಥಗಳಿರುವುದನ್ನು ಕಂಡಮೇಲೆ ಹೊಸ ಯಂತ್ರದಲ್ಲಿ ಕೈಪಿಡಿ ಓದದೆ ಯಾವ ಆಯ್ಕೆಯನ್ನೂ ನಾನು ಬರೆಯುವುದಿಲ್ಲ. ಹೊಂದದ ಅಕ್ಷರಗಳನ್ನು ಎಚ್‌ಟಿಎಂಎಲ್ ಅಥವಾ ಎಕ್ಸ್‌ಎಂಎಲ್ ಸಂಕೇತವಾಗಿಸುವ ಆಯ್ಕೆಗಳು ಪಿಕಾನ್ವ್‌ನಲ್ಲಿಯೂ ಇವೆ. ಯುಕಾನ್ವ್ ಹಾಕಿಕೊಳ್ಳಲು ಅನುಮತಿಯಿಲ್ಲದ ಸರ್ವರ್‌ನಲ್ಲಿಯೂ ಪರ್ಲ್ ಸಾಮಾನ್ಯವಾಗಿ ಇರುವುದರಿಂದ ಅಲ್ಲಿ ಇದು ಒದಗುತ್ತದೆ.

ಒಂದೇ ಕಡತದಲ್ಲಿ ಎರಡು ಎನ್‌ಕೋಡಿಂಗ್‌ಗಳು ಬೆರೆತಿದ್ದರೆ ಪೈಥಾನ್‌ಗೆ ಹೋಗಬೇಕು. ವರ್ಷಗಟ್ಟಲೆ ಬೇರೆಬೇರೆ ಯಂತ್ರಗಳಿಂದ ಸಾಲು ಸೇರುತ್ತ ಬಂದ ಲಾಗ್‌ಗಳು, ಜೋಡಿಸಿದ ಪಟ್ಟಿಗಳು ಹೀಗಿರುತ್ತವೆ. ಇಡೀ ಕಡತಕ್ಕೆ ಒಂದೇ ‘-ಎಫ್’ ಕೇಳುವ ಸಾಧನಗಳೆಲ್ಲ ಇಲ್ಲಿ ಸೋಲುತ್ತವೆ. ಪೈಥಾನ್‌ನಲ್ಲಿ ಹತ್ತು ಸಾಲು ಬರೆದರೆ ಸಾಕು. ಕಡತವನ್ನು ಬೈಟ್‌ಗಳಾಗಿ ತೆರೆದು, ಪ್ರತಿ ಸಾಲನ್ನೂ ಮೊದಲು ಯುಟಿಎಫ್-8 ಎಂದು ಓದಲು ನೋಡಿ, ಆಗದಿದ್ದರೆ ಮಾತ್ರ ವಿಂಡೋಸ್-1252 (ಪಶ್ಚಿಮ ಯುರೋಪಿನ ಭಾಷೆಗಳಿಗೆ ವಿಂಡೋಸ್ ಬಳಸುತ್ತಿದ್ದ ಹಳೆಯ ಎನ್‌ಕೋಡಿಂಗ್) ಎಂದು ಓದುವುದು. ಈ ಕ್ರಮವನ್ನು ತಿರುಗಿಸಬಾರದು. ಕಟ್ಟುನಿಟ್ಟಾದದ್ದು ಮೊದಲು, ಸಡಿಲವಾದದ್ದು ಆಮೇಲೆ.

ಎಡವಿದಾಗಿನ ನಡತೆಯನ್ನು ಪೈಥಾನ್‌ನಷ್ಟು ವಿವರವಾಗಿ ಕೇಳುವ ಸಾಧನ ಬೇರೆ ಇಲ್ಲ. ‘ಸ್ಟ್ರಿಕ್ಟ್’, ‘ಇಗ್ನೋರ್’, ‘ರಿಪ್ಲೇಸ್’ ಜೊತೆಗೆ ‘ಸರೊಗೇಟ್‌ಎಸ್ಕೇಪ್’ ಎಂಬುದೊಂದಿದೆ. ಅದು ಓದಲಾಗದ ಬೈಟನ್ನು ವಿಶೇಷ ಸಂಕೇತವಾಗಿ ಎತ್ತಿಟ್ಟುಕೊಂಡು, ಬರೆಯುವಾಗ ಅದೇ ಬೈಟನ್ನು ಹಿಂದಿರುಗಿಸುತ್ತದೆ. ಕಡತದ ಕೆಟ್ಟ ಭಾಗವನ್ನು ಮುಟ್ಟದೆ ಉಳಿದದ್ದನ್ನು ತಿದ್ದಬೇಕಾದಾಗ ಇದು ಅಮೂಲ್ಯ. ಒಂದು ಎಚ್ಚರಿಕೆ: ಪಠ್ಯವಾಗಿ ತೆರೆದರೆ ಪೈಥಾನ್ ಸಾಲಂತ್ಯಗಳನ್ನೂ ಬದಲಿಸುತ್ತದೆ. ‘ನ್ಯೂಲೈನ್’ ಮೌಲ್ಯವನ್ನು ಖಾಲಿ ಕೊಟ್ಟರೆ ಅವು ಇದ್ದಂತೆ ಉಳಿಯುತ್ತವೆ.

ವಿಂಡೋಸ್‌ನಲ್ಲಿ

ವಿಂಡೋಸ್‌ನಲ್ಲಿ ಕಮಾಂಡ್‌ಗಳನ್ನು ಓಡಿಸುವ ಪವರ್‌ಶೆಲ್‌ನಲ್ಲಿ ‘ಗೆಟ್-ಕಂಟೆಂಟ್’ನಿಂದ ಓದಿ ‘ಸೆಟ್-ಕಂಟೆಂಟ್’ನಿಂದ ಬರೆದರೆ ಪರಿವರ್ತನೆ ಆಗುತ್ತದೆ. ಯಾವ ಪವರ್‌ಶೆಲ್ ಎಂಬುದರ ಮೇಲೆ ಎಲ್ಲವೂ ನಿಂತಿದೆ. ವಿಂಡೋಸ್ ಜೊತೆಗೇ ಬರುವ 5.1ರಲ್ಲಿ ಬಿಒಎಂ ಇಲ್ಲದ ಕಡತವನ್ನು ಹಳೆಯ ಕೋಡ್‌ಪೇಜ್ ಎಂದು ಓದಲಾಗುತ್ತದೆ, ‘ಯುಟಿಎಫ್8’ ಎಂದು ಬರೆಯಲು ಹೇಳಿದರೆ ಬಿಒಎಂ ಸೇರುತ್ತದೆ, ‘>’ ಎಂಬ ಬಾಣದ ಗುರುತಿನಿಂದ ಕಡತಕ್ಕೆ ತಿರುಗಿಸಿದ್ದು ಯುಟಿಎಫ್-16 ಆಗುತ್ತದೆ. ಬೇರೆಯಾಗಿ ಹಾಕಿಕೊಳ್ಳಬೇಕಾದ 7ರಲ್ಲಿ ಎಲ್ಲಕ್ಕೂ ಬಿಒಎಂ ಇಲ್ಲದ ಯುಟಿಎಫ್-8.

ವಿಂಡೋಸ್‌ನಲ್ಲಿ ಐಕಾನ್ವ್ ಹಾಕಿಕೊಂಡು ಅದನ್ನು 5.1ರ ಒಳಗಿಂದ ಓಡಿಸಿ, ಫಲಿತಾಂಶವನ್ನು ಬಾಣದಿಂದ ಕಡತಕ್ಕೆ ಕಳುಹಿಸುವವರು ಬಹಳ ಜನ. ಐಕಾನ್ವ್ ಸರಿಯಾದ ಬೈಟ್‌ಗಳನ್ನೇ ಕೊಟ್ಟಿರುತ್ತದೆ. ನಡುವೆ ಪವರ್‌ಶೆಲ್ ಅವನ್ನು ಪಠ್ಯವೆಂದು ಓದಿ ತನ್ನ ಎನ್‌ಕೋಡಿಂಗ್‌ನಲ್ಲಿ ಮತ್ತೆ ಬರೆಯುತ್ತದೆ. 7.4ರಿಂದ ಈಚೆಗೆ ಮಾತ್ರ ಬೈಟ್‌ಗಳು ಹಾಗೆಯೇ ದಾಟುತ್ತವೆ. ಹಳೆಯದರಲ್ಲಿ ಹಳೆಯ ಕಮಾಂಡ್ ಪ್ರಾಂಪ್ಟ್‌ನಿಂದಲೇ ಓಡಿಸುವುದು ಕ್ಷೇಮ.

ವಿಂಡೋಸ್‌ನಿಂದ ಬಂದ ಬಿಒಎಂ ಸಹಿತ ಯುಟಿಎಫ್-16 ಕಡತವನ್ನು ಲಿನಕ್ಸ್‌ನಲ್ಲಿ ಯುಟಿಎಫ್-8 ಮಾಡುವುದಷ್ಟೇ ನಿಮ್ಮ ಕೆಲಸವಾಗಿದ್ದರೆ ‘ಡಾಸ್‌ಟುಯುನಿಕ್ಸ್’ ಸಾಕು. ಲೊಕೇಲ್ ಯುಟಿಎಫ್-8 ಆಗಿರಬೇಕು. ಬಿಒಎಂ ತೆಗೆಯುವುದು, ಸಾಲಂತ್ಯ ತಿದ್ದುವುದು ಎರಡೂ ಜೊತೆಗೇ ಆಗುತ್ತವೆ. ಜಪಾನೀ ಕಡತಗಳಿಗೆ ‘ಎನ್‌ಕೆಎಫ್’ ಇದೆ, ಊಹಿಸುವುದನ್ನೂ ಬದಲಿಸುವುದನ್ನೂ ಅದೇ ಮಾಡುತ್ತದೆ. ಒಂದೇ ಕಡತವನ್ನು ಕಣ್ಣಿಂದ ನೋಡುತ್ತ ಬದಲಿಸಬೇಕಾದರೆ ವಿಮ್ ಸಂಪಾದಕ ಒಳ್ಳೆಯದು.

ಆಗಲೇ ಕೆಟ್ಟಿರುವ ಕಡತ

ಯುಟಿಎಫ್-8 ಕನ್ನಡವನ್ನು ಯಾರೋ ವಿಂಡೋಸ್-1252 ಎಂದು ಓದಿ ಮತ್ತೆ ಯುಟಿಎಫ್-8ಕ್ಕೆ ಬರೆದಿದ್ದಾರೆ ಎಂದುಕೊಳ್ಳಿ. ‘ಕ’ ಅಕ್ಷರದ 224, 178, 149 ಎಂಬ ಮೂರು ಬೈಟ್‌ಗಳು ಗೀಟು ಹೊತ್ತ ‘ಎ’, ಮೇಲೆ ಏರಿದ ಎರಡು, ದಪ್ಪ ಚುಕ್ಕಿ ಎಂಬ ಮೂರು ಚಿಹ್ನೆಗಳಾಗಿ, ಮೂರು ಬೈಟ್ ಇದ್ದದ್ದು ಏಳಾಗುತ್ತದೆ. ಪುಟದ ತುಂಬ ಗೀಟಿನ ‘ಎ’ಗಳು ಕಂಡರೆ ರೋಗ ಇದೇ. ಯುಟಿಎಫ್-8ರಿಂದ ವಿಂಡೋಸ್-1252ಕ್ಕೆ ಒಮ್ಮೆ ಬದಲಿಸಿದರೆ ಮೂಲ ಬೈಟ್‌ಗಳು ಮರಳಬೇಕು.

ಕನ್ನಡದಲ್ಲಿ ಇದು ಬಹಳ ಸಲ ನಡುವೆಯೇ ನಿಲ್ಲುತ್ತದೆ, ಕಾರಣ ಹುಡುಕಲು ನನಗೆ ಒಂದು ಇಡೀ ಸಂಜೆ ಬೇಕಾಯಿತು. ವಿಂಡೋಸ್-1252ರಲ್ಲಿ 129, 141, 143, 144, 157 ಎಂಬ ಐದು ಬೈಟ್‌ಗಳಿಗೆ ಅಕ್ಷರಗಳೇ ಇಲ್ಲ. ಒತ್ತಕ್ಷರ ಕಟ್ಟುವ ಹಲಂತದ ಕೊನೆಯ ಬೈಟ್ 141, ಕೊಂಬಿನ ಕೊನೆಯ ಬೈಟ್ 129. ಏ, ಐ, ಝ ಅಕ್ಷರಗಳಲ್ಲಿ ಉಳಿದ ಮೂರು. ಅಂದರೆ ಒತ್ತಕ್ಷರವೂ ಕೊಂಬೂ ಇಲ್ಲದ ಕನ್ನಡ ಕಡತಕ್ಕೆ ಮಾತ್ರ ಈ ದಾರಿ ಪೂರ್ತಿ ತೆರೆದಿದೆ, ಅಂಥ ಕಡತ ಎಲ್ಲಿಯೂ ಇಲ್ಲ. ಬ್ರೌಸರ್‌ಗಳಂಥ ತಂತ್ರಾಂಶಗಳು ಆ ಐದನ್ನು ಕಾಣದ ನಿಯಂತ್ರಣ ಸಂಕೇತಗಳಾಗಿ ಉಳಿಸಿಕೊಂಡಿರುತ್ತವೆ, ಐಕಾನ್ವ್ ಅವನ್ನು ಹಿಂದಕ್ಕೆ ಒಪ್ಪುವುದಿಲ್ಲ. ಇಲ್ಲಿ ‘-ಸಿ’ ಕೊಟ್ಟರೆ ಪ್ರತಿ ಹಲಂತದ ಮೂರನೆಯ ಬೈಟ್ ಅಳಿಸಿ, ಸರಿಪಡಿಸಬಹುದಾಗಿದ್ದ ಕಡತ ಶಾಶ್ವತವಾಗಿ ಕೆಡುತ್ತದೆ. ಈ ಕೆಲಸಕ್ಕೆ ಪೈಥಾನ್‌ನ ‘ಎಫ್‌ಟಿಎಫ್‌ವೈ’ ಬಳಸಿ. ಅದನ್ನು ಕಮಾಂಡ್ ಆಗಿಯೂ ಓಡಿಸಬಹುದು, ಆ ಐದು ಬೈಟ್‌ಗಳನ್ನು ಒಪ್ಪಿಕೊಳ್ಳುವ ಸಡಿಲ ವಿಂಡೋಸ್-1252 ಅದರಲ್ಲಿದೆ.

ಯಾವುದರಿಂದ ಬದಲಿಸಿದರೂ ಫಲಿತಾಂಶವನ್ನು ಹಿಂದಕ್ಕೆ ಬದಲಿಸಿ ‘ಸಿಎಂಪಿ’ ಕಮಾಂಡಿನಿಂದ ಮೂಲದೊಂದಿಗೆ ಹೋಲಿಸಿ ನೋಡಿ. ಏನಾದರೂ ಅಳಿಸಿಹೋಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಮೂಲ ಎನ್‌ಕೋಡಿಂಗ್‌ನ ಊಹೆ ಸರಿಯೇ ಎಂಬುದು ಮಾತ್ರ ಇದರಿಂದ ಗೊತ್ತಾಗದು, ಐಎಸ್‌ಒ-8859-1 ಎಂದು ತಪ್ಪಾಗಿ ಹೇಳಿದ್ದರೂ ಕಡತ ಹೋದ ದಾರಿಯಲ್ಲೇ ಹಿಂದಿರುಗಿ ಬರುತ್ತದೆ. ಅದಕ್ಕೆ ನಾಲ್ಕು ಸಾಲುಗಳನ್ನು ಓದಲೇಬೇಕು.

ಕಡತದ ಒಳಗಿನ ಪಠ್ಯ ಸರಿಯಿದ್ದು ಹೆಸರೇ ಕೆಟ್ಟಿದ್ದರೆ ಮೇಲಿನ ಯಾವುದೂ ಬೇಡ, ಅದಕ್ಕೆ ‘ಕಾನ್ವ್‌ಎಂವಿ’ ಇದೆ. ಸುಮ್ಮನೆ ಓಡಿಸಿದರೆ ಅದು ಯಾವ ಹೆಸರನ್ನೂ ಮುಟ್ಟದೆ, ಏನನ್ನು ಏನಾಗಿ ಬದಲಿಸುತ್ತೇನೆ ಎಂಬ ಪಟ್ಟಿಯನ್ನಷ್ಟೇ ತೋರಿಸುತ್ತದೆ. ಆಗಲೇ ಯುಟಿಎಫ್-8ರಲ್ಲಿರುವ ಹೆಸರುಗಳನ್ನು ಎರಡನೆಯ ಸಲ ಬದಲಿಸದೆ ಬಿಡುತ್ತದೆ. ಪಟ್ಟಿಯನ್ನು ಓದಿ ಒಪ್ಪಿಗೆಯಾದ ಮೇಲೆ ‘ನೋಟೆಸ್ಟ್’ ಆಯ್ಕೆ ಸೇರಿಸಿ ಮತ್ತೆ ಓಡಿಸಬೇಕು.